ಉದ್ರಿ ಪುಸ್ತಕ

ನಮ್ಮೂರಲ್ಲಿ ಮನುಷ್ಯರು ನಲವತ್ತೊಂದು,
ನಾಯಿಗಳು ನೂರಾ ಹತ್ತು,
ಅಂಗಡಿ ಒಂದೇ, ಅದು ನನ್ನದು.
ಹಡಗು ವರ್ಷಕ್ಕೆರಡು ಸಲ ಬರುತ್ತದೆ;
ಎರಡನೆಯದೂ ಬರುತ್ತದೆಂದು ಹೇಳುವುದು ವಾಡಿಕೆ.

ಫೆಬ್ರವರಿ. ಮೂರೂವರೆ ತಿಂಗಳ ಕತ್ತಲು ಮುಗಿದು
ಸೂರ್ಯ ಗುಡ್ಡದಾಚೆಯಿಂದ ಹಣೆಯಷ್ಟೇ ತೋರಿಸಿದ ವಾರ
ಎರಡು ಹೆಲಿಕಾಪ್ಟರು ಇಳಿದವು,
ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.
ಮೊದಲಿನವರು ಮಕ್ಕಳಿಗೆ ಟೋಪಿ ಹಂಚಿದರು,
ಆಮೇಲಿನವರು ಬ್ಯಾಟರಿ ದೀಪ.
ಇಬ್ಬರ ಕೈಯಲ್ಲೂ ಗ್ರೀನ್‌ಲ್ಯಾಂಡಿನ ನಕ್ಷೆ.
ನಮ್ಮೂರು ಎರಡರಲ್ಲೂ ಇರಲಿಲ್ಲ,
ಆ ಜಾಗದಲ್ಲಿ ಕಾಗದದ ಮಡಿಕೆ ಬಿದ್ದಿತ್ತು.

"ಎಂಥ ಆಯಕಟ್ಟಿನ ಜಾಗದಲ್ಲಿದ್ದೀರಿ, ಗೊತ್ತೇ?"
ಕೇಳಿದ ಮೊದಲಿನವರ ಪೈಕಿ ಎತ್ತರದವನು.
ಗೊತ್ತು, ವಾಲ್ರಸ್ ಹಾದುಹೋಗುವ ದಾರಿ ಇದೇ, ಅಂದೆ.
ಅವನು ಕ್ಷಿಪಣಿ ಹಾದುಹೋಗುವ ದಾರಿಯ ಮಾತಾಡುತ್ತಿದ್ದ.
ದುಭಾಷಿ ಎರಡಕ್ಕೂ ಒಂದೇ ಪದ ಹಾಕಿ ಮುಗಿಸಿದ.

ಇನ್ನೊಂದು ಕಡೆಯವನು ನೆಲದಡಿಯ ಕಲ್ಲಿನ ವಿಚಾರಕ್ಕೆ ಬಂದ.
ಕಲ್ಲಿಗೇನು ಬರ?
ನಮಗೆ ಇಲ್ಲದ್ದು ಮಣ್ಣು.
ಸತ್ತವರ ಮೇಲೂ ಕಲ್ಲನ್ನೇ ಒಟ್ಟುತ್ತೇವೆ, ನರಿ ಮುಟ್ಟದ ಹಾಗೆ.
ಅವನು ಅದನ್ನೂ ಬರೆದುಕೊಂಡ.

ಆಮೇಲೆ ಗಾಳಿ ಬಂತು.

ಐದು ದಿನ. ಸ್ಕೂಲಿನ ಕೋಣೆ ಒಂದೇ, ಒಲೆ ಒಂದೇ,
ಪರದೆಯ ಹಿಂದಿನ ಬಕೆಟ್ಟೂ ಒಂದೇ.
ಬಕೆಟ್ಟು ಚೆಲ್ಲುವ ಸರದಿ ಯಾರದೆಂದು
ಎರಡು ದೊಡ್ಡ ದೇಶಗಳು ಮಾತುಕತೆಗೆ ಕೂತವು.
ಮೊದಲ ದಿನ ಒಪ್ಪಂದವಾಗಲಿಲ್ಲ.
ಎರಡನೆಯ ದಿನ ಹೊಸ ಪ್ರಸ್ತಾಪ ಬಂತು.
ಮೂರನೆಯ ದಿನ ವಾಸನೆ ತಡೆಯದೆ
ನನ್ನ ಸೋದರಳಿಯ ಕುಲುತಾನಾ ಒಯ್ದು ಚೆಲ್ಲಿ ಬಂದ.
ಅವನಿಗೆ ಹದಿನಾಲ್ಕು.

ಎತ್ತರದವನ ಬೂಟು ನಗರದ್ದು.
ನಾಯಿಗಳಿಗೆ ಮೀನು ಹಾಕುವುದನ್ನು ನೋಡಲು ಹೊರಗೆ ಹೋದವನು
ಕಾಲ್ಬೆರಳು ಮೇಣದ ಹಾಗೆ ಬಿಳಿಚಿಕೊಂಡು ಬಂದ.
ಅಂಗಿ ಎತ್ತಿ ಅವನ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದೆ,
ಇಮೀನಾನ ಪಾದ ಹಿಡಿಯುತ್ತಿದ್ದಂತೆ.
ಅತ್ತ. ನೋವಿಗೋ ನಾಚಿಕೆಗೋ ಕೇಳಲಿಲ್ಲ.
ಅವನ ದೇಶ ಎಷ್ಟು ದೊಡ್ಡದೆಂಬುದು
ಆ ಹೊತ್ತು ಇಬ್ಬರಿಗೂ ನೆನಪಿರಲಿಲ್ಲ.

ಪೆಟ್ಟಿಗೆ ತೆರೆದು ಇಮೀನಾನ ಕಾಮಿಕ್ ಕೊಟ್ಟೆ.
ಸೀಲ್ ಚರ್ಮದ್ದು, ಒಳಗೆ ಮೊಲದ ತುಪ್ಪಟ.
ನನ್ನ ಮುಂದಿನ ಹಲ್ಲು ಸವೆದದ್ದೇ
ಅದರ ಅಟ್ಟೆ ಜಗಿದು ಮೆದು ಮಾಡಿ.
ಆರು ಚಳಿಗಾಲದ ಹಿಂದೆ, ಹೆಪ್ಪು ತೆಳುವಾದ ವರ್ಷ,
ಗಾಡಿ, ಹನ್ನೆರಡು ನಾಯಿ, ಅವನು, ಎಲ್ಲ ಒಟ್ಟಿಗೇ ಹೋದವು.
ಅಂದು ಹಳೆಯ ಜೊತೆ ಹಾಕಿಕೊಂಡು ಹೋಗಿದ್ದ.
ಇದನ್ನು ನಾನು ಒಣಗಲು ಹಾಕಿದ್ದೆ.

ಆರನೆಯ ದಿನ ಆಕಾಶ ತೊಳೆದಿಟ್ಟಂತಿತ್ತು.
ಹತ್ತು ನಿಮಿಷದ ಅಂತರದಲ್ಲಿ ಇಬ್ಬರೂ ಹಾರಿದರು.
ಕಾಮಿಕ್ ಅವನ ಕಾಲಲ್ಲೇ ಇತ್ತು.
ಕಿಟಕಿಯಿಂದ ಕೈಸನ್ನೆ ಮಾಡಿದ:
ಕಳಿಸುತ್ತೇನೆ ಅಂತಲೋ, ಮತ್ತೆ ಬರುತ್ತೇನೆ ಅಂತಲೋ.

ಈಗ ರೇಡಿಯೋದಲ್ಲಿ ದಿನಕ್ಕೆ ಏಳು ಸಲ ನಮ್ಮ ಸುದ್ದಿ.
ಕೊಳ್ಳುತ್ತಾರಂತೆ. ಕೊಡುವುದಿಲ್ಲವಂತೆ.
ಕೊಡದಿದ್ದರೂ ಬಿಡುವುದಿಲ್ಲವಂತೆ.
ಅಂತೆಕಂತೆಗಳ ಈ ಸಂತೆಯಲ್ಲಿ
ನನ್ನ ಅಂಗಡಿಯ ಮಾತು ಯಾರೂ ಎತ್ತಲಿಲ್ಲ.
"ಅತ್ತೆ, ನಮ್ಮ ರೇಟು ಎಷ್ಟಂತೆ?" ಕೇಳುತ್ತಾನೆ ಕುಲುತಾನಾ,
ಅವರು ಕೊಟ್ಟ ಟೋಪಿ ಹಾಕಿ, ಇವರು ಕೊಟ್ಟ ದೀಪ ಹಿಡಿದು.
ಸಕ್ಕರೆಯ ರೇಟು ಗೊತ್ತು ಕಣೋ, ಬೇಕಾ?

ಉದ್ರಿ ಪುಸ್ತಕದಲ್ಲಿ,
ಪಕ್ಕದ ಮನೆಯ ಚಹಾಪುಡಿ, ಪಾದ್ರಿಯ ಮೇಣದಬತ್ತಿಗಳ ಕೆಳಗೆ,
ಬರೆದಿಟ್ಟಿದ್ದೇನೆ:
ಕಾಮಿಕ್, ಒಂದು ಜೊತೆ, ಗಂಡಸಿನದು.
ಹೆಸರು ಕೇಳಿಕೊಳ್ಳಲಿಲ್ಲವಲ್ಲ,
ಆ ಜಾಗದಲ್ಲಿ ಅವನ ದೇಶದ ಹೆಸರು ಹಾಕಿದೆ.
ಹಳೆ ಬಾಕಿ ಇಟ್ಟುಕೊಂಡವರ ಜೊತೆ
ಹೊಸ ವ್ಯಾಪಾರ ಮಾಡುವ ರೂಢಿ ನನ್ನಲ್ಲಿಲ್ಲ,
ಒಂದು ಸೇರು ಹಿಟ್ಟಿನದಾದರೂ ಸರಿಯೇ.

ಮೊದಲ ಹಡಗು ಬಂತು. ಅಂಚೆಚೀಲ ಬುಡಮೇಲು ಮಾಡಿ ನೋಡಿದೆ.

ಎಡಗಾಲಿನದಕ್ಕೆ ಹಿಮ್ಮಡಿಯ ಹತ್ತಿರ ಹೊಲಿಗೆ ಸ್ವಲ್ಪ ಸಡಿಲ,
ನೀರು ಇಳಿಯುತ್ತದೆ.
ಅವನಿಗೆ ಹೇಳಲು ಮರೆತೆ.