ಎರಡು ಸುತ್ತು

ರಾತ್ರಿ ಎರಡೂವರಿಗೆ ಹುಬ್ಬಳ್ಳಿ ಪ್ರೆಸ್ಸಿನ್ಯಾಗ
ಬಂಡಲು ಇನ್ನ ಬೆಚ್ಚಗ ಇರತಾವು.
ಹಿಂದಿನ ಸೀಟು ಕಿತ್ತು ಇಟ್ಟೀನಿ ಮನ್ಯಾಗ, ಕಾರಿನ್ಯಾಗ
ಮೂವತ್ತೆರಡು ಬಂಡಲು, ಒಂದು ಫ್ಲಾಸ್ಕು, ನಾನು.
ಐದರೊಳಗ ಗದಗ, ಬೆಟಗೇರಿ ಮುಟ್ಟಬೇಕು,
ಇಲ್ಲಾಂದ್ರ ಪೇಪರ್ ಹುಡುಗರು ಸೈಕಲ್ಲಿಗೆ ಒರಗಿ
ನನ್ನ ಹಡೆದವರನ್ನೆಲ್ಲಾ ನೆನಸತಾರ.

ಬೆಣ್ಣಿಹಳ್ಳದ ಪೂಲು ದಾಟಿ ಮೂರನೇ ಗೇರಿಗೆ
ಟರ್ಬೋ ಸಿಳ್ಳು ಹೊಡೀತಿತ್ತು, ಸಣ್ಣಗ,
ಹಾಲು ಉಕ್ಕೂ ಮೊದಲಿನ ಸಪ್ಪಳದಂಗ.
ಆಮ್ಯಾಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದಂಗ.
ಹನ್ನೊಂದು ವರ್ಷ ಆ ಅಂಗೈ ನಂಬಿ ಹೊಂಟವ ನಾ.

ದಸರಾ ಮುಗಿದ ವಾರ ಅಂಗೈ ಬರಲಿಲ್ಲ.
ಅಣ್ಣಿಗೇರಿ ಏರಿನ್ಯಾಗ ಉಳ್ಳಾಗಡ್ಡಿ ಲಾರಿ
ಸಿಪ್ಪಿ ಹಾರಿಸಿಕೋತ ನನ್ನ ದಾಟಿ ಹೋತು.

ಶೋರೂಮಿನ ಹುಡುಗ ಬಾನೆಟ್ಟೂ ಎತ್ತಲಿಲ್ಲ.
"ಟರ್ಬೋ ಹೋಗೇತ್ರಿ. ಎಂಬತ್ತೆಂಟು ಸಾವಿರ."
ಮನೀಗೆ ಬಂದು ಹತ್ತು ನಂಬರ್ ಪಾನಾ ತಗೊಂಡೆ.
ಚಟ್ನಿ ಬಟ್ಟಲಷ್ಟು ಒಂದು ಡಬ್ಬಿ, ಒಳಗ ಸ್ಪ್ರಿಂಗು,
ಡಬ್ಬಿಯಿಂದ ಒಂದು ಕಡ್ಡಿ, ಕಡ್ಡಿ ತುದಿಗೆ ಬಾಗಿಲು.
ಗಾಳಿ ತುಂಬಿ ಬಂದಾಗ ಸ್ಪ್ರಿಂಗು ಸೋಲಬೇಕು,
ಬಾಗಿಲು ತೆರೀಬೇಕು,
ಹೆಚ್ಚಿನ ಹೊಗಿ ಚಕ್ರ ಮುಟ್ಟದ ಹೊರಗ ಹೋಗಬೇಕು.
ನಾ ಕಡ್ಡಿಯ ನಟ್ಟು ಎರಡು ಸುತ್ತು ಬಿಗಿದೆ.
ಹೆಂಡತಿಗೂ ಹೇಳಲಿಲ್ಲ.

ಆ ರಾತ್ರಿ ಅಂಗೈ ಅಲ್ಲ, ಒದಿಕಿ ಬಂತು.
ನಲವಡಿ ತನಕ ನಗಕೋತ ಹೋದೆ.
ಹುಲಕೋಟಿ ಹತ್ರ ಹಳದಿ ದೀಪ,
ಗಾಡಿ ತನ್ನ ಕೈಕಾಲು ತಾನ ಕಟ್ಟಿಕೊಂತು.
ನಲವತ್ತರ ಮ್ಯಾಲೆ ಹೋಗವಲ್ದು.
ಚಾವಿ ತಿರುವಿ ಆರಿಸಿ, ಹತ್ತು ಎಣಿಸಿ, ಮತ್ತ ಚಾಲೂ ಮಾಡಿದ್ರ
ಮತ್ತ ಒದಿಕಿ, ಮತ್ತ ದೀಪ.
ದೂರ ಕಪ್ಪತಗುಡ್ಡದ ಮ್ಯಾಲೆ ಗಾಳಿಪಂಕಾದ ಕೆಂಪು ಲೈಟು
ಒಮ್ಮೆಲೇ ಹತ್ತೋದು, ಒಮ್ಮೆಲೇ ಆರೋದು.
ಒಂಬತ್ತು ರಾತ್ರಿ ಹಿಂಗ.

ಬೆಟಗೇರಿಯಾಗ ಹಾರ್ಮೋನಿಯಂ ರಿಪೇರಿ ಗುರುಪಾದಯ್ಯ
ಶಟರ್ ಅರ್ಧಾ ಎತ್ತಿ ಪೇಪರ್ ಕೈಯಾಗ ಇಸಗೋತಾನ.
"ಏನೋ ಶೇಖಪ್ಪಾ, ನಿನ್ನ ಗಾಡಿ ಆ ಓಣಿ ತಿರುವಿಗೆ ಬರೂವಾಗ
ಮೊದಲು ಕಪ್ಪು ಎರಡಕ್ಕ ಹಾಡತಿತ್ತು.
ಈಗ ಯಾವ ಪಟ್ಟಿಗೂ ನಿಲ್ಲವಲ್ದು. ಏರತೈತಿ, ಹರೀತೈತಿ."
ಬಿಚ್ಚಿದ ಪೆಟ್ಟಿಗಿಗೆ ಬ್ಯಾಟರಿ ಹಿಡದ:
ತಿದಿ, ತಿದಿಯ ಕೆಳಗ ಎರಡು ಸ್ಪ್ರಿಂಗು.
"ಇವು ದಣದ್ರ ಮಂದಿ ಕೈ ಜೋರು ಹಾಕತಾರ.
ಸ್ವರ ಚೀರತೈತಿ. ಜೋರಂತೂ ಆತು ಬಿಡು, ಅಂತಾರ."
ಗ್ರೀಸಿನ ಬೆರಳು ನಾ ಪ್ಯಾಂಟಿಗೆ ಒರೆಸಿಕೊಂಡೆ.

ಮುಳಗುಂದ ನಾಕಾದ ದಾವಲಸಾಬ ಬಗ್ಗಿ ನೋಡಿದ.
"ಈ ನಟ್ಟು ಯಾರು ಮುಟ್ಟಿದ್ರು?"
"ಹುಬ್ಬಳ್ಳಿಯಾಗ ಯಾರೋ."
ಕಂಪನಿಯ ಬಿಳಿ ಬಣ್ಣದ ಗುರುತು ಎಲ್ಲಿತ್ತು, ಈಗ ಎಲ್ಲೈತಿ,
ಉಗುರಿನಿಂದ ಅಳದ. ನಗಲಿಲ್ಲ.
ಪಾನಾ ಹಚ್ಚಿ ಸಡಿಲ ಮಾಡಿದ, ನನಗ ಕೇಳಿಸೂವಂಗ ಎಣಿಸಿದ:
ಒಂದು.
ಎರಡು.

ಕೈಪಂಪು ಹಚ್ಚಿ ಗಾಳಿ ಒತ್ತಿದ.
ಹದಿನಾಲ್ಕಕ್ಕ ಕದಲಬೇಕಾದ ಕಡ್ಡಿ
ಆರಕ್ಕ ಕದಲಿತು, ತೂಕಡಿಸೂ ವಾಚ್‌ಮನ್
ಬೆಕ್ಕಿಗೂ ಗೇಟು ತೆರದಂಗ.
"ಟರ್ಬೋ ಗಟ್ಟಿ ಐತಿ. ಸ್ಪ್ರಿಂಗಿಗೆ ವಯಸ್ಸಾಗೇತಿ.
ಬೆಂಕಿ ಮಗ್ಗಲ ಕೂತು ಎರಡು ಲಕ್ಷ ಕಿಲೋಮೀಟರು,
ನೀನಾದ್ರ ಕೂಡತಿದ್ದೇನು?"
ಹೊಸ ಡಬ್ಬಿ, ಆರು ಸಾವಿರದ ಇನ್ನೂರು.
ಮಜೂರಿ ಕೇಳಿದ್ರ ಇವತ್ತಿನ ಪೇಪರ್ ಕೊಡು ಅಂದ.

ಮರುದಿನ ಐದಕ್ಕ ಏಳು ನಿಮಿಷ ಕಮ್ಮಿ.
ಬೆಟಗೇರಿಯ ಅರ್ಧಾ ಶಟರಿನ ಕೆಳಗ ಬಗ್ಗಿ
"ಆ ನಟ್ಟು ನಾನ ಬಿಗದಿದ್ದೆರಿ" ಅಂದೆ.
ಗುರುಪಾದಯ್ಯ ನಿಧನವಾರ್ತೆ ಪುಟ ಹುಡುಕತಿದ್ದ.
ಎಡಗೈ ಬೆರಳು ಒಂದು ಕಪ್ಪು ಮನಿ ಮ್ಯಾಲೆ ಇತ್ತು.
"ಒಂದು ಕೂದಲೆಳಿ ಇಳದೈತಿ ಇನ್ನ," ಅಂದ.
ಪುಟ ತಿರುವಿದ.
"ಇರ್ಲಿ. ಮುಟ್ಟಬ್ಯಾಡ."