ಸ್ಥಳ ಬಿಟ್ಟ ಕಲ್ಲು

ವರದಿಯಲ್ಲಿ ನಮ್ಮ ದಿನ್ನಿಗೆ ಸಿಕ್ಕಿದ್ದು ಎರಡೂವರೆ ಸಾಲು:
ಬಿಳಿಕಲ್ಲ ದಿನ್ನಿ, ಲಿಂಗಸುಗೂರು ತಾಲೂಕು, ರಾಯಚೂರು ಜಿಲ್ಲೆ.
ಟಂಗ್‌ಸ್ಟನ್ ಕುರುಹು. ಮೂರು ರಂಧ್ರ. ಅದಿರಿನ ಎಳೆ ಸಣ್ಣದು.
ಮುಂದಿನ ಕೆಲಸ ಬೇಡ.

ಆ 'ಬೇಡ'ದ ಬ್ಯಾಟರಿ ಹೊತ್ತವನು ನಾನು.
ಎರಡು ಚಳಿಗಾಲ, ಅಮಾವಾಸ್ಯೆಯ ಹಿಂದೆ ಮುಂದೆ,
ಹೆಗಲ ಮೇಲೆ ಏಳು ಕಿಲೊ ಸೀಸ, ಆಮ್ಲ.
ಅಂಗಿಯ ತೂತು ಎಣಿಸಿ ಎಣಿಸಿ ಅವ್ವ ಬೈಯುತ್ತಿದ್ದಳು.

ಹಗಲಲ್ಲಿ ಆ ಕಲ್ಲು ಏನೂ ಅಲ್ಲ.
ಬೆಣಚಿನೊಳಗೆ ಬೆಣಚಿನ ಹಾಗೇ ಕೂತಿರುತ್ತದೆ,
ಹಳೇ ತುಪ್ಪದ ಬಣ್ಣ.
ಎತ್ತಿಕೊಂಡರೆ ಮಾತ್ರ
ನಿದ್ದೆ ಹೋದ ಕೂಸಿನಂತೆ ಜರಾ ಜಾಸ್ತಿ ಭಾರ.

ವರ್ಗೀಸ್ ಸಾಹೇಬರು ಸುತ್ತಿಗೆಯಿಂದ ಒಡೆದು ಮೂಗಿಗೆ ಹಿಡಿಯುತ್ತಿದ್ದರು.
"ಬೆಳ್ಳುಳ್ಳಿ ಬಂತಾ?"
ಬಂದಿತ್ತು, ಕಲ್ಲೊಳಗೆ ಯಾರೋ ಒಗ್ಗರಣೆ ಕೊಟ್ಟ ಹಾಗೆ.
"ಪಾಷಾಣ ಅದು, ಕೈ ತೊಳೆದು ಊಟ ಮಾಡು."

ಇದೆಲ್ಲ ಹೇಗಾಯಿತು ಅಂತ ಕೇಳಿದ್ದೆ ಒಮ್ಮೆ.
ತವೆಯ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿ ತೋರಿಸಿದರು:
ಇನ್ನೂರೈವತ್ತು ಕೋಟಿ ವರ್ಷದ ಕೆಳಗೆ
ಅಡಿಯಿಂದ ಕಣಶಿಲೆ ಕುದಿದು ಬಂತು,
ಹಸಿರು ಪದರುಗಲ್ಲು ಉಬ್ಬಿತು, ಬಿರಿಯಿತು,
ಬಿರುಕು ಹಿಡಿದು ಬಿಸಿನೀರು ಏರಿತು;
ನೀರು ಹೋಯಿತು, ಹೊತ್ತು ತಂದದ್ದು ಉಳಿಯಿತು.
ಅಷ್ಟರಲ್ಲಿ ರೊಟ್ಟಿ ಸೀದಿತ್ತು.

ದಿನ್ನಿಯ ನೆತ್ತಿಗೆ ಹನ್ನೊಂದು ಗುಂಡಿ, ಯಾವ ಕಾಲದವೋ.
ಬಂಡೆಗೆ ಬೆಂಕಿಯಿಟ್ಟು, ಕಾದದ್ದಕ್ಕೆ ನೀರು ಸುರಿದು,
ಸೀಳಿ ಸೀಳಿ ಇಳಿದಿದ್ದಾರೆ ಬಂಗಾರಕ್ಕೆ.
ಗೋಡೆಯ ಮಸಿ ನನ್ನ ಬೆರಳಿಗೂ ಹತ್ತಿತು.
ಎಷ್ಟು ಸಿಕ್ಕಿತೋ; ಬಿಳಿಯದನ್ನಂತೂ ಎಸೆದು ಹೋದರು.
ಮೊಗಲಾಯಿಯಲ್ಲಿ ಒಬ್ಬ ದೊರೆ ಬಂದಿದ್ದನಂತೆ,
ಡೇರೆ ಹೊಡೆದು, ಕಾಲುವೆಯಂಥದೊಂದು ತೋಡಿಸಿ,
ಒಂದು ತಗಡಿನ ಪೆಟ್ಟಿಗೆ ತುಂಬಿಕೊಂಡು ಹೋದ.
ನಮ್ಮ ಮುತ್ಯಾನಿಗೆ ನೆನಪಿದ್ದದ್ದು ಅವನ ನಾಯಿ ಮಾತ್ರ.

ರಾತ್ರಿ, ದೀಪ ಹಚ್ಚಿದರೆ ದೀಪವೇ ಕಾಣುವುದಿಲ್ಲ.
ಮೊದಲು ಹೊಳೆದದ್ದು ಚೇಳು, ಹಸಿರಾಗಿ, ಬಾಲ ಸಮೇತ.
ಆಮೇಲೆ ಟಿನೋಪಾಲ್ ಹಾಕಿದ ಸಾಹೇಬರ ಬನಿಯನ್.
ಮೂರನೆಯ ರಾತ್ರಿ, ಏಳನೆಯ ಗುಂಡಿಯ ಬಾಯಲ್ಲಿ,
ನೀಲಿ.
ಚೆಲ್ಲಿದ ಅಕ್ಕಿಯಷ್ಟು, ತಣ್ಣಗೆ, ಬೆಣಚಿನ ತುಂಬ.
ಯಾರೂ ಮಾತಾಡಲಿಲ್ಲ.
ಡ್ರಿಲ್ಲರ್ ಮೋದಿನಸಾಬ ಚಪ್ಪಲಿ ಬಿಟ್ಟ.

ಕೊರೆದರು. ಮೊದಲ ರಂಧ್ರ ಬರೀ ಹಸಿರುಗಲ್ಲು.
ಎರಡನೆಯದರಲ್ಲಿ ಒಂದು ಗೇಣು.
ಮೂರನೆಯದರಲ್ಲಿ, ಅರವತ್ತೆರಡು ಮೀಟರಿಗೆ, ಎರಡು ಬೆರಳು;
ಅಲ್ಲಿಂದ ಕೆಳಗೆ ಕಣಶಿಲೆ, ಕಣಶಿಲೆ.
ಸಾಹೇಬರು ಪೆಟ್ಟಿಗೆಯಲ್ಲಿನ ಕಲ್ಲುಕಂಬಗಳ ಮುಂದೆ
ಬೀಡಿ ಸೇದದವರು ಬೀಡಿ ಕೇಳಿದರು.

ಕೊನೆಯ ರಾತ್ರಿ ಊರೊಳಗಿಂದ ವಾಪಸು ಬರುವಾಗ
ದೀಪ ಆರಿಸುವುದು ಮರೆತಿದ್ದೆ.
ಸೂಗಮ್ಮ ಅಂಗಳದಲ್ಲಿ ಕೆಂಪು ಹಿಂಡಿ ರುಬ್ಬುತ್ತಿದ್ದಳು.
ಅವಳ ಒರಳು ಹತ್ತಿಕೊಂಡಿತು,
ಅಂಚಿಂದ ಅಂಚಿಗೆ ನೀಲಿ,
ಮೂರು ರಂಧ್ರ ಸೇರಿ ಕೊಡದಷ್ಟು.

ಸಾಹೇಬರು ಮಂಡಿಯೂರಿ ಕೂತರು ಬಹಳ ಹೊತ್ತು.
"ನಮ್ಮತ್ತಿಯ ಅತ್ತಿ ತಂದಿದ್ದಂತ್ರಿ, ಗುಂಡಿ ಮಗ್ಗಲ ಬಿದ್ದಿತ್ತಂತ."
ಪುಸ್ತಕ ತೆಗೆದರು. ಮಡಚಿದರು.
"ಸ್ಥಳ ಬಿಟ್ಟ ಕಲ್ಲು ಇದು. ನಕ್ಷೆಗೆ ಬರಲ್ಲ."
ಸೂಗಮ್ಮ ಗುಂಡುಕಲ್ಲು ನಿಲ್ಲಿಸದೆ ಅಂದಳು:
"ಎಲ್ಲಿ ಬಿಟ್ಟೈತ್ರಿ ಸ್ಥಳ? ನಾ ಲಗ್ನ ಆಗಿ ಬಂದಾಗಿಂದ ಇಲ್ಲೇ ಐತಿ."

ಲಾರಿ ಹೋಯಿತು. ಬ್ಯಾಟರಿಯನ್ನೂ ಒಯ್ದರು.
ಮೂರನೆಯ ರಂಧ್ರದ ಕೇಸಿಂಗ್ ಪೈಪಿಗೆ
ಈಗ ಮಾನಪ್ಪ ಎಮ್ಮೆ ಕಟ್ಟುತ್ತಾನೆ; ಗಟ್ಟಿ ಗೂಟ, ಅಲ್ಲಾಡುವುದಿಲ್ಲ.
ಒರಳು ಸೂಗಮ್ಮನ ಸೊಸೆಯ ಕೈಗೆ ಬಂದಿದೆ.
ಹಬ್ಬಕ್ಕೆ ಹಿಂಡಿ ಕಳಿಸುತ್ತಾರೆ ನನಗೂ ಒಂದು ಬಟ್ಟಲು.
ಟನ್ನಿಗೆ ಎಷ್ಟು ಗ್ರಾಮೋ ಬರೆದವರಿಗೆ ಗೊತ್ತು.
ನನ್ನ ಹಲ್ಲಿನ ಲೆಕ್ಕ,
ರೊಟ್ಟಿಗೆ ಒಂದು ಹರಳು.