ಬಿದ್ದುಹೋದ ಫ್ರೇಮುಗಳು

ಕುಟೈಸಿಯಲ್ಲಿ ಮಾರ್ಚ್. ಕಿವಿ ಕೇಳದ ಮಕ್ಕಳ ಶಾಲೆಯ ಹಿಂಬದಿ ಕೋಣೆ.
ಜರ್ಮನಿಯ ಯಾವುದೋ ವಿಮಾ ಕಚೇರಿ ಬೇಡವೆಂದ
ಏಳು ಕಂಪ್ಯೂಟರು; ಬೆನ್ನಲ್ಲಿನ್ನೂ ಅಲ್ಲಿಯ ನಂಬರಿನ ಚೀಟಿ.
ಒಂದಕ್ಕೆ ನಿನ್ನೆ ಲಿನಕ್ಸ್ ಹಾಕಿದೆ.
ಮಿಕ್ಕ ಆರು ಗೋಡೆಗೆ ಮುಖ ಮಾಡಿ ನಿಂತಿವೆ,
ಮನೆಪಾಠ ಮಾಡದೆ ಬಂದ ಹುಡುಗರ ಹಾಗೆ.

ತ್ಸಿಯಾಲಾ ಟೀಚರು ಪರೀಕ್ಷೆಗೆಂದು ತಂದದ್ದು ಒಂದೇ ವಿಡಿಯೋ:
ಎಂಬತ್ತನಾಲ್ಕರ ಲಮ್ಜಿರಾ, ಅಡಿಗೆಮನೆಯ ಕಿಟಕಿಗೆ ಬೆನ್ನು ಕೊಟ್ಟು
ಕೈಯಲ್ಲೇ ಹೇಳುವ ಕಥೆ. ನಲವತ್ತು ನಿಮಿಷ.
ಆ ಕೈಗಳಿಗೆ ವಯಸ್ಸಾಗಿಲ್ಲ.
ನಮ್ಮ ಯಂತ್ರಕ್ಕಾಗಿದೆ.

ಒತ್ತಿದೆ. ಫ್ಯಾನು ಊಳಿಟ್ಟಿತು.
ಪ್ರೊಸೆಸರು ನೂರಕ್ಕೆ ತೊಂಬತ್ತೇಳು:
ಇಡೀ ಮದುವೆಮನೆಯ ನೀರು ಒಬ್ಬನೇ ಹೊರುತ್ತಿದ್ದಾನೆ.
ಗ್ರಾಫಿಕ್ಸ್ ಕಾರ್ಡಿನ ವಿಡಿಯೋ ಖಾತೆಯಲ್ಲಿ ಸೊನ್ನೆ.
ಮಾವನ ಮನೆಗೆ ಬಂದ ಅಳಿಯ,
ಕಾಲ ಮೇಲೆ ಕಾಲು.

ಪರದೆಯಲ್ಲಿ ಲಮ್ಜಿರಾಳ ಕೈ
ಗಲ್ಲದ ಹತ್ತಿರ ಇತ್ತು.
ಆಮೇಲೆ ಎದೆಯ ಹತ್ತಿರ ಇತ್ತು.
ನಡುವೆ ಎಲ್ಲೂ ಇರಲಿಲ್ಲ.

ಬಿದ್ದ ಫ್ರೇಮು ಇನ್ನೂರ ಹನ್ನೆರಡು, ಅಂತು ಕೆಳಗಿನ ಸಾಲು.
ನನಗದು ಅಂಕಿ.
ತ್ಸಿಯಾಲಾ ನನ್ನ ಭುಜ ತಟ್ಟಿ
ತನ್ನ ಬೆರಳೊಂದನ್ನು ಹಿಡಿದು, ಕಿತ್ತು,
ನೆಲಕ್ಕೆ ಎಸೆದು ತೋರಿಸಿದಳು.

ಕಾರ್ಡನ್ನೇ ಕೇಳಿದೆ, ಏನೇನು ಬರುತ್ತಪ್ಪಾ ನಿನಗೆ?
ಅನುಮತಿ ಇಲ್ಲ, ಅಂತು.
ಆ ಬಾಗಿಲಿಗೆ ಬೇಕಾದ ಗುಂಪಿನಲ್ಲಿ ನನ್ನ ಹೆಸರಿರಲಿಲ್ಲ, ಅಷ್ಟೆ.
ಸೇರಿಸಿದೆ. ಲಾಗ್ ಔಟ್ ಆಗಿ ಮತ್ತೆ ಒಳಬಂದೆ.
ಪುಣ್ಯಾತ್ಮ ಆಗ ಬಾಯಿಬಿಟ್ಟ:
ಹತ್ತು ಸಾಲು, ಎಲ್ಲ ಹಳೆಯ ವಿದ್ಯೆ.
ಎಂಪೆಗ್ ಎರಡು ಬರುತ್ತೆ. ಎಚ್ ಟೂ ಸಿಕ್ಸ್ ಫೋರ್ ಚೆನ್ನಾಗಿ ಬರುತ್ತೆ.
ಎವಿ ಒನ್? ಹಾಗಂದರೆ?
ಲಮ್ಜಿರಾಳ ಮೊಮ್ಮಗ ಜಾಗ ಉಳಿಸಲೆಂದು
ಅಜ್ಜಿಯನ್ನು ಮಡಿಚಿಟ್ಟದ್ದು ಎವಿ ಒನ್‌ನಲ್ಲೇ.

ಮೈಗಳ್ಳ ಅಂದುಕೊಂಡಿದ್ದೆ. ಪಾಪ,
ಭಾಷೆ ಬರದೆ ಸುಮ್ಮನೆ ಕೂತಿತ್ತು.
ಕೂತವರನ್ನೆಲ್ಲ ಹಾಗೇ ಅಂದುಕೊಳ್ಳುವ ಚಾಳಿ ನನ್ನದು;
ಈ ಶಾಲೆಯಲ್ಲಿ ಇದ್ದೂ.

ರಾತ್ರಿಯಿಡೀ ಅದೇ ಪ್ರೊಸೆಸರು ಏದುಸಿರು ಬಿಡುತ್ತ
ಕಥೆಯನ್ನು ಹಳೆಯ ಪಾಕಕ್ಕೆ ತಂದಿತು.
ಮೂಲವನ್ನು ಮುಟ್ಟಲಿಲ್ಲ, ಬೇರೆ ಡಿಸ್ಕಿನಲ್ಲಿ ಹಾಗೇ ಇದೆ.
ನಾನು ಬೆಂಚಿನ ಮೇಲೆ ಕೋಟು ಹೊದ್ದು ಮಲಗಿದೆ.

ಬೆಳಿಗ್ಗೆ ಮತ್ತೆ ಒತ್ತಿದೆ.
ನನ್ನ ಕಣ್ಣು ಅಂಕಿಯ ಮೇಲೆ: ಪ್ರೊಸೆಸರು ಒಂಬತ್ತು,
ಕಾರ್ಡು ಮೂವತ್ತೊಂದು.
ತ್ಸಿಯಾಲಾ ಅಂಕಿ ನೋಡಲೇ ಇಲ್ಲ.
ಪೆಟ್ಟಿಗೆಯ ಪಕ್ಕೆಗೆ ಅಂಗೈ ಇಟ್ಟಳು.
ನಿನ್ನೆ ನೊಣ ಕೂತ ಎಮ್ಮೆಯ ಚರ್ಮದ ಹಾಗೆ ಅದುರಿದ್ದ ತಗಡು.
ಕಣ್ಣು ಮುಚ್ಚಿ, ಇನ್ನಷ್ಟು ಒತ್ತಿ,
ಜ್ವರ ಬಿಟ್ಟ ಮಗುವಿನ ಹಣೆಯಿಂದ ತೆಗೆದಂತೆ
ಕೈ ತೆಗೆದಳು.

ಫ್ಯಾನು ನಿಂತ ಕೋಣೆಯಲ್ಲಿ ಏನೋ ಮೊರೆತ.
ಹುಡುಕಿದೆ. ರಿಯೋನಿ ನದಿ.
ಮೂರು ವಾರದಿಂದ ಇಲ್ಲೇ ಇದ್ದೇನೆ,
ಇಲ್ಲಿಗೆ ಕೇಳುತ್ತದೆಂದು ಗೊತ್ತಿರಲಿಲ್ಲ.
ಅವಳಿಗೆ ಹೇಳಲು ಕೈ ಎತ್ತಿದೆ,
ಅವಳು ಲಮ್ಜಿರಾಳನ್ನು ಕೇಳುತ್ತಿದ್ದಳು; ಇಳಿಸಿದೆ.

ನನಗೆ ತಿಳಿಯದ ಒಂದು ಕಡೆ ಅವಳು
ಮೇಜು ಬಡಿದು ಬಡಿದು ನಕ್ಕಳು.

ಬಿದ್ದ ಫ್ರೇಮು: ಎರಡು.
ಮುಚ್ಚಿಡಲಿಲ್ಲ, ಎರಡು ಬೆರಳು ತೋರಿಸಿದೆ.
ಎಲ್ಲಿ, ಅಂದಳು ಹುಬ್ಬಿನಲ್ಲಿ.
ಹಿಂದೆ ತಿರುಗಿಸಿ ಒಂದೊಂದೇ ಫ್ರೇಮು ನೋಡಿದೆವು:
ಮೊಟ್ಟಮೊದಲಲ್ಲೇ. ಅಲ್ಲಿ ಲಮ್ಜಿರಾ
ಇನ್ನೂ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ.

ತ್ಸಿಯಾಲಾ ನನ್ನ ಹೆಸರು ಕರೆದಳು
(ಇಲ್ಲಿ ನನ್ನ ಹೆಸರು, ಸ್ಕ್ರೂ ತಿರುಗಿಸುವ ಎರಡು ಬೆರಳು)
ಗೋಡೆಯತ್ತ ಗಲ್ಲ ಮಾಡಿದಳು.
ಎರಡನೆಯದರ ಮುಖ ಈ ಕಡೆ ತಿರುಗಿಸಿದೆ.